ಕಕ್ಕಡದ ಮಳೆಗೆ ಅಳಿಯದ ಮುಖ

ಕೊಡವರ ಮಳೆತಿಂಗಳು ಕಕ್ಕಡ ಹಿಡಿದರೆ ಮಡಿಕೇರಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಸಿನಿಮಾ ಬೋರ್ಡಿನ ಬಣ್ಣ ಎಷ್ಟು ದಿನ ನಿಂತೀತು? ಕೈಯಲ್ಲೇ ಬೋರ್ಡು ಬರೆಯುತ್ತಿದ್ದ ಕಾಲದಲ್ಲಿ ಮೊದಲು ಮಂಕಾಗುತ್ತಿದ್ದದ್ದು ನಾಯಕಿಯ ಕೆನ್ನೆ, ಆಮೇಲೆ ಸೀರೆ. ಕಡುಬಣ್ಣದ ಕಣ್ಣು, ಹುಬ್ಬು, ತುಟಿ ಮಾತ್ರ ಉಳಿದಿರುತ್ತಿದ್ದವು. ಕೊಡೆ ಹಿಡಿದು ಹೋಗುವವರಿಗೆ ಅಷ್ಟರಲ್ಲೇ ಅದು ಯಾರೆಂದು ಗೊತ್ತಾಗುತ್ತಿತ್ತು. ಚೆಲುವೆ ಅಂತಲೂ ಅನ್ನಿಸುತ್ತಿತ್ತು.

ಮನಶ್ಶಾಸ್ತ್ರಜ್ಞ ರಿಚರ್ಡ್ ರಸೆಲ್ 2009ರಲ್ಲಿ ಗಂಡೋ ಹೆಣ್ಣೋ ಹೇಳಲಾಗದ ಒಂದೇ ಮುಖದ ಎರಡು ಚಿತ್ರ ಮಾಡಿದರು. ಕಣ್ಣು–ತುಟಿಗೂ ಸುತ್ತಲಿನ ಚರ್ಮಕ್ಕೂ ನಡುವಿನ ಗಾಢತೆಯ ಅಂತರ ಹೆಚ್ಚಿಸಿದ್ದು ಹೆಣ್ಣಾಗಿ ಕಂಡಿತು, ತಗ್ಗಿಸಿದ್ದು ಗಂಡಾಗಿ. ಕಾಡಿಗೆ, ಲಿಪ್‌ಸ್ಟಿಕ್ ಹಿಗ್ಗಿಸುವುದು ಈ ಅಂತರವನ್ನೇ. ಬೋರ್ಡು ಬರೆಯುವವರು ಫೋಟೊದ ಮೇಲೆ ಚೌಕ ಎಳೆದು, ಬಟ್ಟೆಯ ಮೇಲೆ ಅದೇ ಚೌಕಗಳನ್ನು ದೊಡ್ಡದಾಗಿ ಹಾಕಿ ಮುಖ ಇಳಿಸುತ್ತಿದ್ದರು. ಅಳತೆ ಫೋಟೊದ್ದೇ, ಸುಳ್ಳು ಶುರುವಾಗುತ್ತಿದ್ದದ್ದು ಬಣ್ಣ ತುಂಬುವಾಗ. ರೆಪ್ಪೆ ದಪ್ಪವಾಗುತ್ತಿತ್ತು, ತುಟಿ ಕೆಂಪೇರುತ್ತಿತ್ತು, ಮೂಗಿನ ಪಕ್ಕದ ಗೆರೆ ಮಾಯ. ಕಪ್ಪು ನಾಯಕಿಯನ್ನೂ ಬೆಳ್ಳಗೆ ಮಾಡುವ ಹಟಕ್ಕೆ ಮಾತ್ರ ವಿಜ್ಞಾನದ ನೆಪ ಬೇಡ. ತುಟಿಯನ್ನು ಗಾಢ ಮಾಡಿದರೂ ಅಂತರ ಹೆಚ್ಚುತ್ತದೆ. ಬಿಳಿಯ ಮೋಹ ನಮ್ಮದು.

ಹತ್ತಿರ ನಿಂತರೆ ಕೆನ್ನೆಯಲ್ಲಿ ಕಿತ್ತಳೆ, ನೀಲಿ ಗೀಟುಗಳ ಗಲಾಟೆ. ಆರೋಗ್ಯವಂತ ಕಣ್ಣು ಸಾಮಾನ್ಯವಾಗಿ ಒಂದು ಡಿಗ್ರಿಯ 60ನೇ ಒಂದು ಭಾಗಕ್ಕಿಂತ ಚಿಕ್ಕ ವಿವರವನ್ನು ಬಿಡಿಸಿ ನೋಡಲಾರದು. 30 ಮೀಟರ್ ದೂರದಲ್ಲಿ ಅದು ಹೆಚ್ಚುಕಡಿಮೆ 9 ಮಿಲಿಮೀಟರ್. ಅದಕ್ಕಿಂತ ಸಣ್ಣ ಗೀಟುಗಳೆಲ್ಲ ರಸ್ತೆಯಾಚೆಯಿಂದ ಬೆರೆತು ನುಣ್ಣನೆಯ ಚರ್ಮವಾಗುತ್ತವೆ. ಮೊಡವೆ, ಸುಕ್ಕು ತೆಗೆಯುವ ಕೆಲಸದಲ್ಲಿ ಅರ್ಧವನ್ನು ದೂರವೇ ಮಾಡಿಕೊಡುತ್ತಿತ್ತು.

1990ರಲ್ಲಿ ಮನಶ್ಶಾಸ್ತ್ರಜ್ಞರಾದ ಜುಡಿತ್ ಲ್ಯಾಂಗ್ಲಾ ಮತ್ತು ಲೋರಿ ರಾಗ್‌ಮನ್ ಕಂಪ್ಯೂಟರಿನಲ್ಲಿ 32 ಮುಖಗಳನ್ನು ಒಂದರೊಳಗೊಂದು ಬೆರೆಸಿದಾಗ, ಬಂದ ಸರಾಸರಿ ಮುಖ ಹೆಚ್ಚಿನ ಬಿಡಿ ಮುಖಗಳಿಗಿಂತ ಚೆಲುವಾಗಿ ಕಂಡಿತು. ಸರಾಸರಿಯೇ ಚೆಲುವಾದರೆ ತಾರೆಯರೇಕೆ ಬೇಕು? 1994ರಲ್ಲಿ ಡೇವಿಡ್ ಪೆರೆಟ್ ತಂಡ ಉತ್ತರ ಕೊಟ್ಟಿತು: ಚೆಲುವೆಯರ ಸರಾಸರಿ ಇನ್ನೂ ಚೆಲುವು, ಎಲ್ಲರ ಸರಾಸರಿಯಿಂದ ಅದು ಎಲ್ಲಿ ಬೇರೆಯೋ ಅಲ್ಲಿ ಇನ್ನಷ್ಟು ಎಳೆದರೆ ಮತ್ತೂ ಚೆಲುವು. ಬೋರ್ಡು ಬರೆಯುವವರು ಎಳೆಯುತ್ತಿದ್ದದ್ದೂ ಅಲ್ಲೇ.

ಕೊಡಗಿನವರು ದಿನಾ ನೋಡದ ಗಲ್ ಎಂಬ ಕಡಲಹಕ್ಕಿಯ ಮರಿಗಳಿಗೂ ಹೀಗೆ ಎಳೆದು ಹಿಗ್ಗಿಸಿದ್ದರ ಹುಚ್ಚಿದೆ. ತಾಯಿಯ ಹಳದಿ ಕೊಕ್ಕಿನ ಕೆಂಪು ಚುಕ್ಕೆಯನ್ನು ಕುಕ್ಕಿದರೆ ಅವಕ್ಕೆ ಊಟ. ಪ್ರಾಣಿಗಳ ನಡವಳಿಕೆ ಅಭ್ಯಾಸ ಮಾಡಿದ ನಿಕೊ ಟಿನ್‌ಬರ್ಗನ್ ಬಿಳಿ ಪಟ್ಟೆಗಳ ಕೆಂಪು ಕಡ್ಡಿ ಹಿಡಿದಾಗ, ತಾಯಿಯಂತೆಯೇ ಮಾಡಿದ ತಲೆಗಿಂತ ಅದನ್ನೇ ಹೆಚ್ಚು ಕುಕ್ಕಿದವು.

1962ರ ಆಗಸ್ಟಿನಲ್ಲಿ ಹಾಲಿವುಡ್ ತಾರೆ ಮರ್ಲಿನ್ ಮನ್ರೋ ತೀರಿಕೊಂಡ ಮೇಲೆ ಅಮೆರಿಕದ ಕಲಾವಿದ ಆಂಡಿ ವಾರ್ಹೋಲ್ ಆಕೆಯ ಒಂದೇ ಪ್ರಚಾರದ ಫೋಟೊವನ್ನು 50 ಸಲ ಅಚ್ಚೊತ್ತಿದ. ಎಡಗಡೆಯ 25ರಲ್ಲಿ ಹಳದಿ ಕೂದಲು, ನೀಲಿ ರೆಪ್ಪೆ, ಕೆಂಪು ತುಟಿ. ಬಲಗಡೆಯ 25 ಬರೀ ಕಪ್ಪು ಮಸಿ, ಅಂಚಿಗೆ ಹೋದಂತೆ ಮಾಸುತ್ತವೆ. ಆ ಬಲಭಾಗ ಕಂಡಾಗಲೆಲ್ಲ ನನಗೆ ಮಳೆಗೆ ನಿಂತ ನಮ್ಮ ಬೋರ್ಡೇ ನೆನಪು.