ಎಂಜಿನ್ ಓಡುತ್ತಿರುವಾಗಲೇ ಹೊಲಕ್ಕೆ ಇಳಿಯಲು ಪೈಲಟ್‌ಗಳು ಯಾಕೆ ಹಿಂಜರಿಯುತ್ತಾರೆ?

ಪುಟ್ಟ ವಿಮಾನದ ಎಂಜಿನ್ ಪೂರ್ತಿ ನಿಂತರೆ ಪೈಲಟ್‌ಗೆ ಆಯ್ಕೆಯೇ ಇಲ್ಲ, ಇಳಿಯಲೇಬೇಕು. ತಲೆ ಕೆಡುವುದು ಅದು ಇನ್ನೂ ಓಡುತ್ತಿರುವಾಗ. ಆಯಿಲ್ ಪ್ರೆಶರ್ ಮೆಲ್ಲಗೆ ಕುಸಿಯುತ್ತಿದೆ, ಇಲ್ಲವೇ ಮುಂದೆ ಮೋಡ ತಗ್ಗುತ್ತಾ ಬರುತ್ತಿದೆ, ವಿಮಾನ ನಿಲ್ದಾಣ ಇನ್ನೂ ದೂರ, ಕೆಳಗೆ ಒಳ್ಳೇ ಬಯಲಿದೆ. ಈಗಲೇ ಇಳಿಸಿಬಿಡೋದಾ, ಇನ್ನಷ್ಟು ದೂರ ಹೋಗಿ ನೋಡೋದಾ?

ನೂರು ವರ್ಷದ ಹಿಂದೆ ಇದು ಇಷ್ಟು ದೊಡ್ಡ ಪ್ರಶ್ನೆ ಆಗಿರಲಿಲ್ಲ. ಅಮೆರಿಕದಲ್ಲಿ ನಿಯಮಿತ ವಿಮಾನ ಅಂಚೆ ಶುರುವಾದದ್ದು 1918ರ ಮೇ 15ರಂದು. ಅದೇ ದಿನ ವಾಷಿಂಗ್ಟನ್‌ನಿಂದ ಉತ್ತರಕ್ಕೆ ಹೋಗಬೇಕಿದ್ದ ಜಾರ್ಜ್ ಬಾಯ್ಲ್ ದಾರಿ ತಪ್ಪಿ ದಕ್ಷಿಣಕ್ಕೆ ಹಾರಿ, ಮೇರಿಲ್ಯಾಂಡಿನ ವಾಲ್ಡಾರ್ಫ್ ಹತ್ತಿರ ಹೊಲಕ್ಕೆ ಇಳಿದು ಪ್ರೊಪೆಲ್ಲರ್ ಮುರಿದುಕೊಂಡರು. ಅಂಚೆ ರಸ್ತೆ ಮೇಲೆ ವಾಪಸ್ ಬಂತು. ಮುಜುಗರ ಆಯ್ತು ನಿಜ, ಆದರೆ ಆಗ ಹೊಲಕ್ಕೆ ಇಳಿಯುವುದು ಮಾಮೂಲಿ. 1920ರ ದಶಕದಲ್ಲಿ ಅಂಚೆ ಮಾರ್ಗದ ಉದ್ದಕ್ಕೂ ದೀಪದ ಗೋಪುರಗಳ ಜೊತೆಗೆ, ನಡುದಾರಿಯಲ್ಲಿ ಇಳಿಯಲು ಅಂತಲೇ ಬಯಲುಗಳನ್ನು ಸಿದ್ಧಮಾಡಿ ಇಟ್ಟಿದ್ದರು.

ಆಮೇಲೆ ಎಂಜಿನ್ ನಂಬಿಕಸ್ಥ ಆಯ್ತು, ರನ್‌ವೇ ಹೆಚ್ಚಿದವು, ರೇಡಿಯೊ ಬಂತು. ಹೊಲಕ್ಕೆ ಇಳಿದವನು ಸುದ್ದಿಯಾಗತೊಡಗಿದ. ತನಿಖೆ, ವಿಮೆ, ಜಮೀನಿನ ಮಾಲೀಕ, ಕ್ಲಬ್ಬಿನವರ ನಗು, ಇದೆಲ್ಲ ತಲೆಯಲ್ಲಿ ಓಡುವಾಗ 'ಇನ್ನೈದು ನಿಮಿಷ' ಅನ್ನೋದು ಸುಲಭ. ನನ್ನ ಪ್ರಕಾರ ಜನ ಸಾಯುವುದು ಆ ಐದು ನಿಮಿಷದಲ್ಲೇ.

ಮೋಡದ ವಿಷಯದಲ್ಲಿ ಇದಕ್ಕೆ ಹಳೆಯ ಪುರಾವೆಯೂ ಇದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣ ನೋಡಿ ಹಾರುವ ತರಬೇತಿ ಇಲ್ಲದ 20 ಜನರನ್ನು ಹೊರಗಿನದು ಏನೂ ಕಾಣದ ಹಾಗೆ ಮಾಡಿ ಹಾರಿಸಿದರು. ಮೊದಲ ಸಲ ಎಲ್ಲರೂ ಹಿಡಿತ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ.

ಹೊಲದ ಲೆಕ್ಕ ಅಷ್ಟು ಭಯಂಕರವಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ನೆಲ ಮುಟ್ಟಿದರೆ, 9 ಜಿ (ಅಂದರೆ ಗುರುತ್ವದ ಒಂಬತ್ತು ಪಟ್ಟು) ಒತ್ತಡ ಮೀರದೆ ನಿಲ್ಲಲು ಸಮನಾಗಿ ವೇಗ ಇಳಿದರೆ ಸುಮಾರು 3 ಮೀಟರ್ ಸಾಕು. ವೇಗ ಎರಡು ಪಟ್ಟಾದರೆ ಅದು ನಾಲ್ಕು ಪಟ್ಟಾಗುತ್ತದೆ. ರೆಕ್ಕೆ, ಚಕ್ರ ಮುರಿದರೂ ಒಳಗಿದ್ದವರು ನಡೆದು ಬರುವುದು ಇದರಿಂದಲೇ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಕೈಪಿಡಿಯಲ್ಲಿ ಪೈಲಟ್‌ನ ಮನಸ್ಸಿನ ಅಡ್ಡಿಗಳ ಪಟ್ಟಿಯಲ್ಲಿ 'ವಿಮಾನ ಉಳಿಸಿಕೊಳ್ಳುವ ಆಸೆ'ಯೂ ಇದೆ.

ಎಂಜಿನ್ ಜೀವಂತ ಇದ್ದರೆ ಇನ್ನೊಂದು ದೊಡ್ಡ ಲಾಭ, ಹೊಲವನ್ನು ಮೊದಲು ನೋಡಿಕೊಂಡು ಬರಬಹುದು. ಗಾಳಿ ಗೊತ್ತಾಗಲು ಹೊಗೆ ಯಾವ ಕಡೆ ವಾಲಿದೆ, ಉಳುಮೆ ಸಾಲು ಯಾವ ದಿಕ್ಕಿಗಿದೆ, ನೆಲ ಇಳಿಜಾರಾ? ವಿದ್ಯುತ್ ತಂತಿ ಮೇಲಿಂದ ಕಾಣೋದೇ ಇಲ್ಲ, ಕಂಬ ಹುಡುಕಬೇಕು. ಒಂದು ಸುತ್ತು ತಗ್ಗಿನಲ್ಲಿ ಹಾರಿ, ಸರಿ ಇಲ್ಲ ಅನಿಸಿದರೆ ಮತ್ತೆ ಏರಿ ಬೇರೆ ಹೊಲ ನೋಡಬಹುದು. ಬ್ರಿಟನ್, ಕೆನಡಾದಲ್ಲಿ ಇದನ್ನು ಪ್ರತ್ಯೇಕ ಪಾಠವಾಗಿಯೇ ಕಲಿಸುತ್ತಾರೆ. ಅಮೆರಿಕದಲ್ಲಿ ಎಂಜಿನ್ ನಿಂತ ಮೇಲಿನ ಇಳಿಕೆಗೇ ಒತ್ತು ಜಾಸ್ತಿ, ಇದು ನನಗೆ ವಿಚಿತ್ರ ಅನಿಸುತ್ತದೆ.

ಇಳಿದ ಮೇಲೆ ಮತ್ತೆ ಹಾರುವುದು ಬೇರೆಯೇ ಮಾತು. ಮೆತ್ತನೆಯ ನೆಲದಿಂದ ಏರಲು ಎಷ್ಟೋ ವಿಮಾನಗಳಿಗೆ ಇಳಿಯುವುದಕ್ಕಿಂತ ಜಾಸ್ತಿ ಜಾಗ ಬೇಕು. ಅದಿಲ್ಲದಿದ್ದರೆ ರೆಕ್ಕೆ ಬಿಚ್ಚಿ ಲಾರಿಗೆ ಹೇರಬೇಕು, ಖರ್ಚಾಗುತ್ತದೆ, ಆಗಲಿ.