ಒಂದೇ ಸೆಟಪ್ ಸ್ಕ್ರಿಪ್ಟ್, ಹಲವು ಲಿನಕ್ಸ್: ಸೇರಿ ಬರೆಯುವವರಿಗೆ ಟಿಪ್ಪಣಿ

ಡೆಬಿಯನ್‌ನಲ್ಲಿ ಸಲೀಸಾಗಿ ಓಡಿದ ಸ್ಕ್ರಿಪ್ಟ್ ರಾಕಿ ಲಿನಕ್ಸ್‌ನಲ್ಲಿ ಯಾಕೆ ಮುಗ್ಗರಿಸುತ್ತದೆ? ಬಹಳ ಸಲ ಕೆಲಸ ಒಂದೇ, ಹೆಸರು ಮಾತ್ರ ಬೇರೆ. ಡೆಬಿಯನ್, ಉಬುಂಟುಗಳಲ್ಲಿ ಅಪಾಚೆ ವೆಬ್ ಸರ್ವರ್‌ನ ಪ್ಯಾಕೇಜ್ ‘ಅಪಾಚೆ2’. ರಾಕಿ ಸೇರಿರುವ ರೆಡ್ ಹ್ಯಾಟ್ ಕುಟುಂಬದಲ್ಲಿ ಅದೇ ‘ಎಚ್‌ಟಿಟಿಪಿಡಿ’. ಸುಡೊ ಹಕ್ಕು, ಅಂದರೆ ಅಡ್ಮಿನ್ ಆಗಿ ಕಮಾಂಡ್ ಓಡಿಸುವ ಹಕ್ಕು ಕೊಡುವ ಗುಂಪು ಡೆಬಿಯನ್ ಕಡೆ ‘ಸುಡೊ’, ರೆಡ್ ಹ್ಯಾಟ್ ಕಡೆ ‘ವೀಲ್’. ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಸರ್ವಿಸ್ ಒಂದು ಕಡೆ ‘ಕ್ರಾನ್’, ಇನ್ನೊಂದು ಕಡೆ ‘ಕ್ರಾನ್‌ಡಿ’.

ಈ ಹೆಸರುಗಳನ್ನೆಲ್ಲ ಒಂದೇ ಜಾಗದಲ್ಲಿ ಕೂಡಿಸಿ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಮುಖ್ಯ ಫೈಲ್‌ನಲ್ಲಿ ಯಾವ ಡಿಸ್ಟ್ರೊ (ಡೆಬಿಯನ್, ರಾಕಿಯಂಥ ಲಿನಕ್ಸ್ ರೂಪ) ಹೆಸರೂ ಬರಬಾರದು. ಅಲ್ಲಿ ‘ಪ್ಯಾಕೇಜ್ ಹಾಕು’, ‘ಸರ್ವಿಸ್ ಶುರು ಮಾಡು’ ಅನ್ನುವಂಥ ಫಂಕ್ಷನ್‌ಗಳನ್ನು ಕರೆದರೆ ಸಾಕು. ಒಳಗೆ ಪ್ಯಾಕೇಜ್ ಹಾಕುವ ಸಾಧನವಾಗಿ ಆಪ್ಟ್ ಇದೆಯೋ, ಡಿಎನ್‌ಎಫ್ ಇದೆಯೋ, ಜಿಪ್ಪರ್ ಇದೆಯೋ ಅನ್ನುವುದು ಆಯಾ ಕುಟುಂಬದ ಫೈಲ್‌ಗೆ ಬಿಟ್ಟ ವಿಷಯ. ಹೀಗೆ ಮಾಡಿದರೆ ಆರ್ಚ್ ಬಲ್ಲವರು ಆರ್ಚ್ ಫೈಲ್ ತಿದ್ದುತ್ತಾರೆ, ಡೆಬಿಯನ್ ಬಲ್ಲವರು ಡೆಬಿಯನ್‌ದು. ಎಲ್ಲರ ಕೋಡ್ ಬದಲಾವಣೆಗಳನ್ನು ಕೂಡಿಸಿಡುವ ಗಿಟ್‌ನಲ್ಲಿ ಒಬ್ಬರ ಬದಲಾವಣೆ ಇನ್ನೊಬ್ಬರದ್ದಕ್ಕೆ ಡಿಕ್ಕಿ ಹೊಡೆಯುವುದೂ ಕಡಿಮೆ.

ಇನ್ನು, ಯಾವ ಡಿಸ್ಟ್ರೊ ಅಂತ ಗುರುತಿಸುವುದು ಹೇಗೆ? ಇಟಿಸಿ ಡೈರೆಕ್ಟರಿಯಲ್ಲಿ ‘ಓಎಸ್-ರಿಲೀಸ್’ ಅನ್ನುವ ಫೈಲ್ ಇರುತ್ತದೆ. ಅದರಲ್ಲಿ ‘ಐಡಿ’ ಸಾಲು ಡಿಸ್ಟ್ರೊ ಹೆಸರು ಹೇಳುತ್ತದೆ, ‘ಐಡಿ_ಲೈಕ್’ ಸಾಲು ಅದರ ಹತ್ತಿರದ ನೆಂಟರನ್ನು ಹೇಳುತ್ತದೆ. ಉಬುಂಟುವಿನ ‘ಐಡಿ_ಲೈಕ್’ನಲ್ಲಿ ‘ಡೆಬಿಯನ್’ ಅಂತಿದೆ. ರಾಕಿಯದರಲ್ಲಿ ‘ರೆಲ್’, ‘ಸೆಂಟ್‌ಓಎಸ್’, ‘ಫೆಡೋರಾ’ ಮೂರೂ ಇವೆ. ಮೊದಲು ‘ಐಡಿ’ ನೋಡಿ, ಗೊತ್ತಿಲ್ಲದ ಹೆಸರಾದರೆ ‘ಐಡಿ_ಲೈಕ್’ಗೆ ಹೋಗಿ. ಡೆಬಿಯನ್‌ನ ಸ್ವಂತ ಫೈಲ್‌ನಲ್ಲಿ ‘ಐಡಿ_ಲೈಕ್’ ಇರುವುದೇ ಇಲ್ಲ. ಹಾಗಾಗಿ ಆ ವೇರಿಯಬಲ್ ಇಲ್ಲದಿದ್ದರೂ ಸ್ಕ್ರಿಪ್ಟ್ ಸಾಯಬಾರದು. ಇಲ್ಲದ ವೇರಿಯಬಲ್ ಬಳಸಿದರೆ ಸ್ಕ್ರಿಪ್ಟ್ ನಿಲ್ಲಿಸುವ ‘ಸೆಟ್ -ಯು’ ಹಾಕಿದ್ದರೆ ಇದನ್ನು ಖಂಡಿತ ನೋಡಿಕೊಳ್ಳಿ.

ಸ್ಕ್ರಿಪ್ಟನ್ನು ಯಾವ ಶೆಲ್‌ಗೆ ಬರೆಯುವುದು, ಬ್ಯಾಷ್‌ಗಾ, ಸರಳ ಎಸ್‌ಎಚ್‌ಗಾ? ಮೊದಲ ದಿನವೇ ಎಲ್ಲರೂ ಕೂತು ತೀರ್ಮಾನಿಸಿ. ಡೆಬಿಯನ್‌ನಲ್ಲಿ ಎಸ್‌ಎಚ್ ಅಂದರೆ ಡ್ಯಾಷ್ ಅನ್ನುವ ಚಿಕ್ಕ ಶೆಲ್, ಅದಕ್ಕೆ ಬ್ಯಾಷ್‌ನ ಜೋಡಿ ಚೌಕ ಬ್ರಾಕೆಟ್ ಅರ್ಥವಾಗುವುದಿಲ್ಲ. ಆಲ್ಪೈನ್‌ನಲ್ಲಿ ಬ್ಯಾಷ್ ಮೊದಲಿಂದ ಇರುವುದಿಲ್ಲ, ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯೂ ಇಲ್ಲ, ಅದರ ಬದಲು ಓಪನ್‌ಆರ್‌ಸಿ. ಏನೇ ಆರಿಸಿದರೂ ಪ್ರತಿ ಬದಲಾವಣೆಯನ್ನು ಸ್ಕ್ರಿಪ್ಟ್‌ನ ತಪ್ಪು ಹುಡುಕುವ ಶೆಲ್‌ಚೆಕ್‌ಗೆ ಕೊಟ್ಟು ನೋಡಿ. ಕೋಟ್ ಹಾಕದ ವೇರಿಯಬಲ್ ಬಗ್ಗೆ ಆಗುವ ಜಗಳ ಅಲ್ಲೇ ಮುಗಿಯುತ್ತದೆ.

ಕೆಲವು ತೊಂದರೆಗಳಿಗೆ ಹೆಸರು ಬದಲಿಸಿದರೆ ಸಾಲದು. ಎನ್‌ಜಿನ್ಎಕ್ಸ್ ವೆಬ್ ಸರ್ವರನ್ನು ಪ್ರಾಕ್ಸಿಯಾಗಿ, ಅಂದರೆ ಬಂದ ಕೋರಿಕೆಯನ್ನು ಹಿಂದಕ್ಕೆ ದಾಟಿಸುವಂತೆ ಇಟ್ಟು, ಹಿಂದೆ ಒಂದು ಆ್ಯಪ್ ಓಡಿಸುತ್ತೀರಿ ಅಂದುಕೊಳ್ಳಿ. ಉಬುಂಟುವಿನಲ್ಲಿ ಸರಿ ಇದೆ. ರಾಕಿಯಲ್ಲಿ 502, ಅಂದರೆ ಹಿಂದಿನ ಆ್ಯಪ್‌ನಿಂದ ಸರಿಯಾದ ಉತ್ತರ ಸಿಗಲಿಲ್ಲ ಅನ್ನುವ ಎರರ್ ಬರುತ್ತದೆ. ಕಾನ್ಫಿಗ್ ಸರಿಯಿದೆ, ಆ್ಯಪ್ ಕೂಡ ಓಡುತ್ತಿದೆ. ಎನ್‌ಜಿನ್ಎಕ್ಸ್ ಎರರ್ ಲಾಗ್‌ನಲ್ಲಿ ‘ಪರ್ಮಿಷನ್ ಡಿನೈಡ್’ ಕಂಡರೆ, ಯಾವ ಪ್ರೋಗ್ರಾಂ ಏನು ಮಾಡಬಹುದು ಅಂತ ಕಟ್ಟುಪಾಡು ಹಾಕುವ ಭದ್ರತಾ ವ್ಯವಸ್ಥೆಯಾದ ಎಸ್‌ಇಲಿನಕ್ಸ್ ಕಡೆ ನೋಡಿ. ವೆಬ್ ಸರ್ವರ್ ತಾನಾಗಿ ನೆಟ್‌ವರ್ಕ್ ಸಂಪರ್ಕ ಮಾಡುವುದನ್ನು ಅದು ತಡೆದಿರಬಹುದು. ‘ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್’ ಅನ್ನುವ ಸ್ವಿಚ್ಚನ್ನು ‘ಸೆಟ್‌ಎಸ್‌ಇಬೂಲ್ -ಪಿ’ ಬಳಸಿ ಆನ್ ಮಾಡಿದರೆ ದಾರಿ ತೆರೆಯುತ್ತದೆ. ಯಾರಾದರೂ ಎಸ್‌ಇಲಿನಕ್ಸನ್ನೇ ಆಫ್ ಮಾಡುವ ಸಾಲು ಕಳಿಸಿದರೆ ದಯವಿಟ್ಟು ಸೇರಿಸಬೇಡಿ. ಆ ಸ್ಕ್ರಿಪ್ಟ್ ನಂಬಿ ಓಡಿಸುವವರ ಸರ್ವರ್‌ನ ರಕ್ಷಣೆಯನ್ನು ಸುಮ್ನೆ ಕಿತ್ತುಹಾಕಿದಂತಾಗುತ್ತದೆ, ಅಲ್ವಾ?

ಇಂಥ ತೊಂದರೆ ಸಾಮಾನ್ಯವಾಗಿ ಪ್ರೋಗ್ರಾಂಗಳನ್ನು ಬೇರೆಯಾಗಿ ಇಟ್ಟು ಓಡಿಸುವ ಕಂಟೇನರ್‌ನಲ್ಲಿ ಕಾಣುವುದಿಲ್ಲ. ಕಂಟೇನರ್ ಓಡುವುದು ಹೊರಗಿನ ಯಂತ್ರದ ಕರ್ನಲ್ (ಲಿನಕ್ಸ್‌ನ ತಿರುಳು) ಮೇಲೆ, ಒಳಗೆ ಸಿಸ್ಟಮ್‌ಡಿ ಕೂಡ ಹೆಚ್ಚಾಗಿ ಇರುವುದಿಲ್ಲ. ಪ್ಯಾಕೇಜ್ ಹೆಸರು ಪರೀಕ್ಷಿಸಲು ಕಂಟೇನರ್ ಸಾಕು. ಸರ್ವಿಸ್, ಫೈರ್‌ವಾಲ್, ಎಸ್‌ಇಲಿನಕ್ಸ್‌ಗೆ ಪೂರ್ತಿ ವರ್ಚುವಲ್ ಮಷೀನ್ ಬೇಕು. ಅದರಲ್ಲಿ ಸ್ಕ್ರಿಪ್ಟನ್ನು ಸತತ ಎರಡು ಸಲ ಓಡಿಸಿ. ಎರಡನೇ ಸಲ ಕಾನ್ಫಿಗ್ ಫೈಲ್‌ನಲ್ಲಿ ಅದೇ ಸಾಲು ಮತ್ತೆ ಸೇರಿಕೊಂಡಿದ್ದರೆ, ಇರುವುದನ್ನು ನೋಡದೆ ಸಾಲು ಸೇರಿಸುವ ಕೋಡ್ ಎಲ್ಲೋ ಇದೆ. ಮರ್ಜ್ ಮಾಡುವ ಮುಂಚೆ ಅದನ್ನು ಹುಡುಕಿ ತೆಗೆಯಿರಿ.