ಕಮಾಂಡೋ ವಾಪಸ್ ಬರುವ ದಾರಿ

ಬಳ್ಳಾರಿಯಲ್ಲಿ ಸೇನಾ ಭರ್ತಿಗೆ ತಯಾರಾಗುವ ಹುಡುಗರನ್ನು ಬೆಳಿಗ್ಗೆ ಓಡಿಸುವುದು ನನ್ನ ಈಗಿನ ಕೆಲಸ. ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆಯಿಂದೆಲ್ಲ ಬರುತ್ತಾರೆ. ಬಹಳ ಜನಕ್ಕೆ ಪ್ಯಾರಾ ಕಮಾಂಡೋನೇ ಆಗಬೇಕು, ಅಂದರೆ ಪ್ಯಾರಾಚೂಟ್ ತರಬೇತಿ ಪಡೆದ ವಿಶೇಷ ಪಡೆಯವನು. ‘ಸುಮ್ನೆ ಪಲ್ಟನ್‌ನಲ್ಲಿ ಸಿಪಾಯಿ ಆಗಿ ಏನ್ ಮಾಡೋದು ಸರ್’ ಅಂತಾರೆ. ಪಲ್ಟನ್ ಅಂದರೆ ಬೆಟಾಲಿಯನ್. ಅದೇ ಕಾಲಾಳು ಪಲ್ಟನ್‌ನಲ್ಲಿ ವೈರ್‌ಲೆಸ್ ಸೆಟ್ ಹೊತ್ತವನು ನಾನು. ಉತ್ತರ ಸ್ವಲ್ಪ ಉದ್ದ ಇದೆ.

ಗಡಿ ದಾಟುವ ಕಮಾಂಡೋ ತಂಡ ಚಿಕ್ಕದು. ಹೊತ್ತುಕೊಂಡಷ್ಟೇ ಮದ್ದುಗುಂಡು. ಮೈನ್ ಎಲ್ಲಿದೆ, ಎದುರು ಪೋಸ್ಟಿನವರು ಎಷ್ಟು ಹೊತ್ತಿಗೆ ಗಸ್ತು ತಿರುಗುತ್ತಾರೆ ಅನ್ನುವುದು ಅಲ್ಲೇ ತಿಂಗಳುಗಟ್ಟಲೆ ಕೂತ ಪಲ್ಟನ್‌ಗೆ ಗೊತ್ತು. ದಾರಿ ತೋರಿಸುವವರು ಅವರೇ. ಬೇಕಾದಾಗ ಫಿರಂಗಿ ಹೊಡೆಸುವವರು, ಗಾಯಾಳುವನ್ನು ಹೊರುವವರೂ ಅವರೇ.

ಹೋಗುವುದಕ್ಕಿಂತ ವಾಪಸ್ ಬರುವುದು ಜಾಸ್ತಿ ಅಪಾಯ. ಕತ್ತಲಲ್ಲಿ ಶತ್ರುವಿನ ಕಡೆಯಿಂದ ಯಾರೋ ನಮ್ಮ ಪೋಸ್ಟಿಗೆ ಬರುತ್ತಿದ್ದಾರೆ. ಕಾವಲು ನಿಂತ ಸಂತ್ರಿ ಗುಂಡು ಹಾರಿಸದೆ ಇರುತ್ತಾನಾ? ಅದಕ್ಕೇ ಎಲ್ಲಿಂದ ಒಳಗೆ ಬರುವುದು, ಎಷ್ಟು ಗಂಟೆಯೊಳಗೆ, ಪಾಸ್‌ವರ್ಡ್ ಏನು, ಸೆಟ್ ಕೆಟ್ಟರೆ ಯಾವ ಗುರುತು, ನಮ್ಮ ಫಿರಂಗಿ ಯಾವ ಜಾಗಕ್ಕೆ ಹೊಡೆಯಬಾರದು, ಎಲ್ಲ ಮೊದಲೇ ತೀರ್ಮಾನ ಆಗಬೇಕು. ಕಮಾಂಡೋಗಳ ಅಧಿಕಾರಿಯೊಬ್ಬ ತನ್ನ ಸೆಟ್ ಸಮೇತ ಪಲ್ಟನ್ ಹೆಡ್‌ಕ್ವಾರ್ಟರ್‌ನಲ್ಲೇ ಕೂತಿರಬೇಕು. ಫೋನ್‌ನಲ್ಲಿ ಮಾತಾಡಿಕೊಂಡರೆ ಆಯಿತು ಅನ್ನುವವರು ಅಂಥ ರಾತ್ರಿ ಕಂಡವರಲ್ಲ.

ತೀರ್ಮಾನ ಆಗಿದ್ದರೂ ಕೆಡುತ್ತದೆ. 1987ರ ಅಕ್ಟೋಬರ್‌ನಲ್ಲಿ ಶ್ರೀಲಂಕಾದ ಜಾಫ್ನಾ ವಿಶ್ವವಿದ್ಯಾಲಯದ ಹತ್ತಿರ ತಮಿಳು ಬಂಡುಕೋರರಾದ ಎಲ್‌ಟಿಟಿಇ ನಾಯಕರನ್ನು ಹಿಡಿಯಲು ನಮ್ಮ 10ನೇ ಪ್ಯಾರಾ ಪಲ್ಟನ್ನಿನ ಕಮಾಂಡೋಗಳ ಜೊತೆ ಕಾಲಾಳುಗಳ 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯನ್ನು ಹೆಲಿಕಾಪ್ಟರ್‌ನಲ್ಲಿ ಇಳಿಸಿದರು. ನಮ್ಮ ವೈರ್‌ಲೆಸ್ ಮಾತು ಎದುರಾಳಿಗೆ ಕೇಳುತ್ತಿತ್ತು. ಅವರು ಕಾದು ಕೂತಿದ್ದರು. ಗುಂಡಿನ ಸುರಿಮಳೆಗೆ ಉಳಿದ ಹೆಲಿಕಾಪ್ಟರ್‌ಗಳು ಇಳಿಯಲಿಲ್ಲ. ಇಳಿದಿದ್ದ ಸುಮಾರು 30 ಸಿಖ್ಖರು ಒಂಟಿಯಾದರು. 29 ಜನ ಸತ್ತರು, ಒಬ್ಬ ಸೆರೆಸಿಕ್ಕ. ಕಮಾಂಡೋಗಳನ್ನು ಹೊರಗೆ ತರಲು ಕೊನೆಗೆ ಟ್ಯಾಂಕ್‌ಗಳೇ ಹೋಗಬೇಕಾಯಿತು. ನನ್ನ ಮಟ್ಟಿಗೆ ವೈರ್‌ಲೆಸ್ ನೋಡಿಕೊಳ್ಳುವ ಸಿಗ್ನಲ್‌ನವರೆಲ್ಲ ಓದಲೇಬೇಕಾದ ಕಾಳಗ ಇದು.

1993ರಲ್ಲಿ ಸೊಮಾಲಿಯಾದ ಮೊಗದಿಶುವಿನಲ್ಲಿ ಅಮೆರಿಕದವರಿಗೂ ಇಂಥದ್ದೇ ಪಾಡು. ಸಿಕ್ಕಿಬಿದ್ದ ಅವರ ವಿಶೇಷ ಪಡೆಯ ರೇಂಜರ್‌ಗಳನ್ನು ಬಿಡಿಸಲು ಪಾಕಿಸ್ತಾನದ ಟ್ಯಾಂಕ್, ಮಲೇಷ್ಯಾದ ಕವಚದ ಗಾಡಿ ಬೇಕಾದವು. ಆ ಪಾಕಿಸ್ತಾನ, ಮಲೇಷ್ಯಾದವರಿಗೆ ದಾಳಿಯ ಸುದ್ದಿಯೇ ಮೊದಲು ಗೊತ್ತಿರಲಿಲ್ಲ. ಎಲ್ಲರನ್ನೂ ಸೇರಿಸಿ, ಪ್ಲಾನ್ ಮಾಡಿ ಹೊರಡುವಷ್ಟರಲ್ಲಿ ನಡುರಾತ್ರಿ ಹತ್ತಿರ ಬಂದಿತ್ತು.

ಕಮಾಂಡೋ ಮತ್ತು ಪಲ್ಟನ್ ಮಧ್ಯದ ಕೊಂಡಿ ಅಂದರೆ ಘಾತಕ್ ಪ್ಲಟೂನ್, ಪಲ್ಟನ್ ಒಳಗೇ ಕಮಾಂಡೋ ರೀತಿ ನುಗ್ಗುವ ಸಣ್ಣ ತುಕಡಿ. ಪ್ರತಿ ಕಾಲಾಳು ಪಲ್ಟನ್‌ನಲ್ಲೂ ಸುಮಾರು 20 ಜನರ ಈ ತಂಡ ಇರುತ್ತದೆ. ಇವರ ಕೋರ್ಸ್ ನಡೆಯುವುದು ನಮ್ಮ ಬೆಳಗಾವಿಯ ಕಮಾಂಡೋ ವಿಂಗ್‌ನಲ್ಲಿ. 1999ರ ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್‌ನ ಕಡಿದಾದ ಬಂಡೆ ಹತ್ತಿದ್ದು ಕಾಲಾಳು ಪಲ್ಟನ್ ಆದ 18ನೇ ಗ್ರೆನೇಡಿಯರ್ಸ್‌ನ ಘಾತಕ್‌ಗಳು. ಅವರು ಸಿಪಾಯಿಗಳೇ ಅಲ್ವಾ?

ಇಷ್ಟು ಜನಕ್ಕೆ ಹೇಳಿದರೆ ಗುಟ್ಟು ಉಳಿಯುತ್ತದಾ ಅಂತ ರಾಯಚೂರಿನ ಹುಡುಗನೊಬ್ಬ ಕೇಳಿದ. ಸರಿಯಾದ ಪ್ರಶ್ನೆ. ಸಂತ್ರಿಗೆ ಗುರಿ ಯಾವುದೆಂದು ಗೊತ್ತಾಗಬೇಕಿಲ್ಲ. ಸಮಯ, ಪಾಸ್‌ವರ್ಡ್ ಸಾಕು, ಅದೂ ತಂಡ ಹೊರಟ ಮೇಲೆ. ಆದರೆ ಬಿಡಿಸಿ ತರಬೇಕಾದ ಪಡೆಯ ಕಮಾಂಡರ್‌ಗೆ ಮಾತ್ರ ನಕ್ಷೆ ಸಮೇತ ಪೂರ್ತಿ ಹೇಳಿರಬೇಕು, ತಂಡ ಹೊರಡುವ ಮೊದಲೇ.